ಎಡಗೈ ಹೆಬ್ಬೆರಳಿನ ತಪ್ಪು

ನನ್ನ ದೊಡ್ಡಮ್ಮ ಇಪ್ಪತ್ತಾರು ವರ್ಷ ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡಿದವಳು. ಗೋಡೆಗೆಲ್ಲ ಸ್ಪಂಜು ಹೊದಿಸಿದ ಪುಟ್ಟ ಕೋಣೆಯಲ್ಲಿ ರೋಗಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದ. ಗಾಜಿನ ಈಚೆ ಇವಳು. ಸದ್ದು ಕೇಳಿದ ತಕ್ಷಣ ಬಟನ್ ಒತ್ತಿ ಎಂದು ಹೇಳಿ, ಯಾರ ಬೆರಳು ಏನು ಮಾಡುತ್ತದೆ ಎಂದು ನೋಡುತ್ತಿರುವುದೇ ಕೆಲಸ. ಏನೂ ಕೇಳಿಸದೆ ಒತ್ತುವವರು, ಕೇಳಿಸಿದರೂ ನಂಬಿಕೆ ಸಾಲದೆ ಕಾಯುವವರು, ಎಲ್ಲರನ್ನೂ ಕಂಡಿದ್ದಳು. ಮನೆಯಲ್ಲಿ ಅವಳು ಕರೆದಾಗ ಕೇಳಿಸದವರ ಹಾಗೆ ಕೂರುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ನಮ್ಮ ಬೀದಿಯ ಬಡಗಿ ಪ್ರತಿ ಭಾನುವಾರ ಬೆಳಿಗ್ಗೆ ತನ್ನ ಮರದ ಗೋದಾಮಿನಲ್ಲಿ ಆಟಿಕೆ ಕಾರುಗಳ ಪಂದ್ಯ ನಡೆಸುತ್ತಿದ್ದ. ಹಲಗೆ ಜೋಡಿಸಿ ಮಾಡಿದ ಹತ್ತು ಮೀಟರಿನ ಹಾದಿ, ಅದರಲ್ಲಿ ಎರಡು ಸಾಲು. ಶುರುವಿನಲ್ಲಿ ಎದೆಮಟ್ಟದಿಂದ ಜಾರು, ಆಮೇಲೆ ಸಪಾಟು. ಮೋಟರಿಲ್ಲ, ಬ್ಯಾಟರಿಯಿಲ್ಲ. ಅಂಗೈಯಗಲದ ಮರದ ಕಾರು ತನ್ನ ಭಾರದಿಂದಲೇ ಓಡಬೇಕು. ಕಾರು ಕೆತ್ತುವವರೆಲ್ಲ ಕೂದಲು ನರೆತವರೇ. ಬೆರಳಿನಿಂದ ಬಟನ್ ಒತ್ತಿಸುವ ದೊಡ್ಡಮ್ಮನಿಗಿಂತ ಒಳ್ಳೆಯ ಟೈಮ್‌ಕೀಪರ್ ಎಲ್ಲಿ ಸಿಗುತ್ತಾರೆ ಎಂದು ಬಡಗಿ ಅವಳ ಎರಡು ಕೈಗೂ ಒಂದೊಂದು ಸ್ಟಾಪ್‌ವಾಚ್ ಕೊಟ್ಟುಬಿಟ್ಟ. ಬಲಗೈಯದು ಬಲಸಾಲಿಗೆ, ಎಡಗೈಯದು ಎಡಸಾಲಿಗೆ. ಒಂಬತ್ತು ವರ್ಷ ಅವಳು ಕಣ್ಣಲ್ಲಿ ಕಣ್ಣಿಟ್ಟು ಕೊನೆಯ ಗೆರೆಯ ಪಕ್ಕ ನಿಂತಳು. ಅವಳ ಬಾಯಿಂದ ಬಂದ ಅಂಕಿಗೆ ಎದುರು ಮಾತಿರಲಿಲ್ಲ.

ಕಾರಿನ ವೇಗ ಲೆಕ್ಕ ಹಾಕುವುದೂ ಅವಳದೇ ಕೆಲಸ. ಕೊನೆಯ ಎರಡು ಮೀಟರನ್ನು ಬೇರೆಯಾಗಿ ಅಳೆದು ಗಂಟೆಗೆ ಇಷ್ಟು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಒಮ್ಮೆ ಯಾರೋ ತಮ್ಮ ಕಾರು ನಿಜವಾದ ಕಾರಿನ ಇಪ್ಪತ್ತರಲ್ಲಿ ಒಂದು ಪಾಲು ಇದೆ, ಹಾಗಾದರೆ ವೇಗವನ್ನೂ ಇಪ್ಪತ್ತರಿಂದ ಗುಣಿಸಿ ಬರೆಯಿರಿ ಎಂದು ಗೋಗರೆದರು. ದೊಡ್ಡಮ್ಮ ಸೀಮೆಸುಣ್ಣ ಕೆಳಗಿಟ್ಟಳು.

"ಕಾರು ಓಡಿದ್ದು ಗಂಟೆಗೆ ಹನ್ನೊಂದೂವರೆ ಕಿಲೋಮೀಟರ್. ಮಿಕ್ಕಿದ್ದು ನಿಮ್ಮ ಆಸೆ ಓಡಿದ್ದು. ಅದನ್ನ ಅಳೆಯೋ ವಾಚು ನನ್ನ ಹತ್ರ ಇಲ್ಲ."

ಒಂಬತ್ತನೆಯ ವರ್ಷ, ಕಪ್ಪಿನ ಫೈನಲ್ಲಿಗೆ ಬಂದವರು ಇಬ್ಬರು. ಒಬ್ಬ ನನ್ನ ದೊಡ್ಡಪ್ಪ. ಲಿಫ್ಟ್ ರಿಪೇರಿ ಮಾಡುವವನು, ದಿನವಿಡೀ ಜನರನ್ನು ಮೇಲೆ ಕೆಳಗೆ ಓಡಾಡಿಸುವವನು, ತನ್ನ ಹೆಸರಿಗೆ ಒಂದು ಕಪ್ಪಿಲ್ಲವೆಂಬ ಕೊರಗು ಹೊತ್ತವನು. ಇನ್ನೊಬ್ಬಳು ಬೀದಿ ಮೂಲೆಯ ಬೇಕರಿಯವಳು. ಮೂರು ವರ್ಷ ಸತತವಾಗಿ ಎರಡನೆಯವಳಾಗಿ, ಕಾರನ್ನು ಹಿಟ್ಟಿನ ಚೀಲದಲ್ಲಿ ಸುತ್ತಿಕೊಂಡು ಹೋಗುತ್ತಿದ್ದವಳು. ದೊಡ್ಡಪ್ಪ ಬಲಸಾಲು, ಅವಳು ಎಡಸಾಲು. ಮೂರು ಸೆಕೆಂಡು ನಲವತ್ತೆಂಟು ಅವನದು, ಐವತ್ತೆರಡು ಅವಳದು. ಸೆಕೆಂಡಿನ ನೂರು ಪಾಲಿನಲ್ಲಿ ನಾಲ್ಕೇ ಪಾಲು ಅಂತರ. ದೊಡ್ಡಪ್ಪ ಕಪ್ಪನ್ನು ತಂದು ಫ್ರಿಜ್ಜಿನ ಮೇಲಿಟ್ಟು, ನೀರು ಬೇಕಾಗದಿದ್ದರೂ ಗಂಟೆಗೊಮ್ಮೆ ಫ್ರಿಜ್ಜು ತೆಗೆಯತೊಡಗಿದ.

ದೊಡ್ಡಮ್ಮನಿಗೆ ಮಾತ್ರ ಒಳಗೊಳಗೇ ಕಸಿವಿಸಿ. ಆ ಕೊನೆಯ ಕ್ಷಣದಲ್ಲಿ ತನ್ನ ಎಡಗೈ ಬಲಗೈಯ ದಾರಿ ಕಾದಂತೆ ಅನ್ನಿಸಿತ್ತು. ಎರಡು ವಾರ ಅದನ್ನು ನುಂಗಿಕೊಂಡಳು. ಮೂರನೆಯ ವಾರ ತಡೆಯಲಾಗದೆ, ಒಂದು ಶನಿವಾರ ಮಧ್ಯಾಹ್ನ ಬಡಗಿಯ ಗೋದಾಮಿಗೆ ಹೋದಳು. ಎರಡು ಕಾರುಗಳ ನಡುವೆ ಅಡ್ಡಕ್ಕೆ ಒಂದು ಪಟ್ಟಿ ಅಂಟಿಸಿ ಕೊಡು ಎಂದಳು. ಹಾಗೆ ಜೋಡಿಸಿದರೆ ಎರಡೂ ಒಟ್ಟಿಗೇ ಗೆರೆ ದಾಟಲೇಬೇಕು. ಬಡಗಿ ಮೇಲಿನಿಂದ ಬಿಟ್ಟ, ಇವಳು ಕೆಳಗೆ ಎರಡೂ ವಾಚು ಒತ್ತಿದಳು. ಇಪ್ಪತ್ತು ಸಲ ಹಾಗೆ ಮಾಡಿದರು. ಹದಿನೇಳು ಸಲ ಎಡಗೈ ವಾಚು ಹಿಂದೆ ಬಿದ್ದಿತ್ತು, ಹೆಚ್ಚುಕಮ್ಮಿ ಸೆಕೆಂಡಿನ ನೂರರಲ್ಲಿ ಆರು ಪಾಲು, ಗೆಲುವಿನ ಅಂತರಕ್ಕಿಂತ ಎರಡು ಹೆಚ್ಚು. ಹೊರಡುವಾಗ ಎರಡು ಹೆಬ್ಬೆರಳೂ ಜೊತೆಜೊತೆಗೆ ಒತ್ತುತ್ತಿದ್ದವು. ಮುಗಿಯುವಾಗ ಮಾತ್ರ ಎಡದ್ದು ಬಲದ್ದಕ್ಕೆ ಮರ್ಯಾದೆ ಕೊಟ್ಟು ಹಿಂದೆ ನಿಲ್ಲುತ್ತಿತ್ತು.

ಬಡಗಿ ಇದು ನಮ್ಮಿಬ್ಬರಲ್ಲೇ ಇರಲಿ ಅಕ್ಕಾ ಎಂದ. ದೊಡ್ಡಮ್ಮ ಇಪ್ಪತ್ತು ಸಲದ ಅಂಕಿ ಬರೆದ ಕಾಗದವನ್ನು ನಾಲ್ಕಾಗಿ ಮಡಚಿ ಮನೆಗೆ ಬಂದಳು. ಸಂಜೆ ಊಟದ ಮೇಜಿನ ಮೇಲೆ ಅದನ್ನು ದೊಡ್ಡಪ್ಪನ ಮುಂದೆ ಬಿಡಿಸಿಟ್ಟಳು. ಅವನು ಮೇಲಿಂದ ಕೆಳಗೆ ಎರಡು ಸಲ ಓದಿದ.

"ನೂರರಲ್ಲಿ ಆರು ಪಾಲಿಗೆ ನನ್ನ ಮಾನ ತೆಗೀತೀಯಾ?"

"ನಿಮ್ಮ ಮಾನ ಅಲ್ಲ ರೀ, ನನ್ನ ಹೆಬ್ಬೆರಳಿಂದು. ನೀವು ಮೋಸ ಮಾಡಿಲ್ಲ. ನಾನು ತಪ್ಪಾಗಿ ಅಳೆದೆ."

ದೊಡ್ಡಪ್ಪ ತಟ್ಟೆ ಸರಿಸಿ ಎದ್ದುಹೋದ. ಮರುದಿನ ಗೋದಾಮಿನಲ್ಲಿ ದೊಡ್ಡಮ್ಮ ಎಲ್ಲರೆದುರು ನಿಂತು ಕಡ್ಡಿ ಮುರಿದಂತೆ ಹೇಳಿಬಿಟ್ಟಳು: ಕಪ್ಪು ಬಹುಶಃ ಬೇಕರಿಯವಳಿಗೆ ಸೇರಬೇಕಾದ್ದು, ಒಂಬತ್ತು ವರ್ಷದ ಎಡಸಾಲಿನ ಅಂಕಿಗಳೆಲ್ಲ ಅನುಮಾನದವು, ತಪ್ಪು ತನ್ನದು. ಹಳೆಯ ಸೋಲುಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದವರ ಮುಖಗಳು ಒಂದೊಂದಾಗಿ ಬಿಗಿಯಾದವು. ಬೇಕರಿಯವಳು ಮಾತ್ರ ಬೇಡವೆಂದು ತಲೆಯಾಡಿಸಿದಳು. "ಬಹುಶಃ ಅನ್ನೋ ಕಪ್ಪು ನನಗೆ ಬೇಡಮ್ಮ. ಇನ್ನೊಂದ್ಸಲ ಓಡಿಸಿ."

ಆದರೆ ಅಳೆಯುವವರು ಯಾರು? ದೊಡ್ಡಮ್ಮ ವಾಚು ಮುಟ್ಟಲು ಒಪ್ಪಲಿಲ್ಲ.

ದೊಡ್ಡಪ್ಪ ನಾಲ್ಕು ದಿನ ಮುಖ ಊದಿಸಿಕೊಂಡೇ ಇದ್ದ. ಉಪ್ಪು ಬೇಕಾದರೂ ಗೋಡೆಗೆ ಹೇಳುತ್ತಿದ್ದ. ಐದನೆಯ ದಿನ ಕೆಲಸದಿಂದ ಬರುವಾಗ ಅವನ ಕೈಯಲ್ಲೊಂದು ಚೀಲವಿತ್ತು. ಲಿಫ್ಟಿನ ಬಾಗಿಲು ಮುಚ್ಚುವಾಗ ನಡುವೆ ಕೈ ಬಂದರೆ ತಡೆಯುತ್ತವಲ್ಲ, ಆ ಬೆಳಕಿನ ಕಣ್ಣುಗಳು. ಹಳೆಯ ಲಿಫ್ಟೊಂದರಿಂದ ಬಿಚ್ಚಿ ಬಿಸಾಡಲು ಇಟ್ಟಿದ್ದನ್ನು ಕೇಳಿ ತಂದಿದ್ದ. ಮೇಜಿನ ಮೇಲೆ ಸುರಿದು, ಗೋಡೆಗಲ್ಲ, ಹೆಂಡತಿಗೇ ಹೇಳಿದ: "ಇದಕ್ಕೆ ಎಡ ಬಲ ಅಂತಿಲ್ಲ ನೋಡು." ದೊಡ್ಡಮ್ಮ ಸ್ಕ್ರೂಡ್ರೈವರ್, ಬೆಸುಗೆ ಹಾಕುವ ಕಡ್ಡಿ ಎರಡನ್ನೂ ತಂದುಕೊಟ್ಟಳು. ಅವಳ ಕಣ್ಣು ತುಂಬಿತ್ತೆಂದು ದೊಡ್ಡಪ್ಪ ಇವತ್ತಿಗೂ ಹೇಳುತ್ತಾನೆ. ಬೆಸುಗೆಯ ಹೊಗೆ ಎನ್ನುತ್ತಾಳೆ ಅವಳು.

ಎರಡು ವಾರ ಸಂಜೆಗಳಲ್ಲಿ ಇಬ್ಬರೂ ಕೂತು ತಂತಿ ಜೋಡಿಸಿದರು. ಎರಡೂ ಸಾಲಿನಲ್ಲಿ ತೂತು ಕೊರೆದು ಕಣ್ಣು ಕೂರಿಸಿದ್ದಾಯಿತು, ಕಾರು ಬೆಳಕಿಗೆ ಅಡ್ಡ ಬಂದ ಕ್ಷಣದ ಅಂಕಿ ತೋರಿಸುವ ಪೆಟ್ಟಿಗೆ ಇಟ್ಟದ್ದಾಯಿತು. ಅಂಟಿಸಿದ ಜೋಡಿ ಕಾರುಗಳನ್ನು ಮತ್ತೆ ಇಪ್ಪತ್ತು ಸಲ ಓಡಿಸಿ, ಎರಡು ಅಂಕಿಗಳೂ ಒಂದೇ ಬಂದ ಮೇಲೆಯೇ ದೊಡ್ಡಮ್ಮ ಹೂಂ ಎಂದಳು.

ಐದು ಓಟದ ಮರುಪಂದ್ಯದಲ್ಲಿ ಬೇಕರಿಯವಳು ಮೂರಕ್ಕೆ ಮೂರೂ ಗೆದ್ದಳು. ಉಳಿದೆರಡು ಓಡಿಸುವ ಅಗತ್ಯವೇ ಬೀಳಲಿಲ್ಲ. ಪೆಟ್ಟಿಗೆಯ ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಿದವನು ದೊಡ್ಡಪ್ಪನೇ. ಕಪ್ಪನ್ನು ತಾನೇ ಒರೆಸಿ ತಂದಿದ್ದ. ಅವಳು ಅದನ್ನು ಎರಡು ಕೈಯಲ್ಲಿ ಹಿಡಿದು, ಎಲ್ಲಿಡುವುದೆಂದು ತಿಳಿಯದೆ, ಕೊನೆಗೆ ಹಿಟ್ಟಿನ ಚೀಲದಲ್ಲೇ ಸುತ್ತಿಕೊಂಡಳು.

ಅವತ್ತು ದೊಡ್ಡಮ್ಮನಿಗೆ ಗೆರೆಯ ಪಕ್ಕ ನಿಲ್ಲುವ ಕೆಲಸವಿರಲಿಲ್ಲ. ಜಾರಿನ ಬಳಿ ಒಂದು ಸ್ಟೂಲು ಹಾಕಿಕೊಂಡು ಕೂತಳು. ಒಂಬತ್ತು ವರ್ಷ ಒಂದು ಗೆರೆಯನ್ನಷ್ಟೇ ನೋಡಿದವಳು ಮೊದಲ ಸಲ ಇಡೀ ಓಟ ನೋಡಿದ್ದು ಅಂದೇ. ಕಾರು ಜಾರಿನಿಂದ ಸಪಾಟಿಗೆ ಇಳಿಯುವಾಗ ಒಮ್ಮೆ ನಡುಗಿ ನೇರವಾಗುವುದು ಎಷ್ಟು ಚೆಂದ ಎಂದು ಮನೆಗೆ ಬರುವವರೆಗೂ ಹೇಳುತ್ತಲೇ ಇದ್ದಳು.

ಮುಂದಿನ ವಾರ ಬಡಗಿಯಿಂದ ಒಂದು ಮರದ ತುಂಡು ಕೇಳಿ ತಂದು, ತಾನೇ ಕಾರು ಕೆತ್ತಲು ಕೂತಳು. ಮೊದಲ ಪಂದ್ಯದಲ್ಲಿ ಹದಿನಾಲ್ಕು ಜನರಲ್ಲಿ ಹದಿನಾಲ್ಕನೆಯವಳಾಗಿ ಬಂದಳು. ಬಂದು ಬೋರ್ಡಿನ ಮೇಲೆ ತನ್ನ ವೇಗವನ್ನು ತಾನೇ ಬರೆದಳು, ಒಂದು ಪಾಲೂ ಹೆಚ್ಚಿಸದೆ.