ಎಡಕ್ಕೆ ಇನ್ನೊಂಚೂರು

ನನ್ನ ಗಂಡನ ಕಿವಿ ಕೆಡಿಸಿದವಳು ನಾನು. ಕೆಡಿಸಿದೆ ಅಂದರೆ — ಅವರ ಕಿವಿಗೆ ಆಗಲೂ ಏನೂ ಆಗಿರಲಿಲ್ಲ, ಈಗಲೂ ಆಗಿಲ್ಲ. ಆಗಿದೆ ಎಂದು ಇಪ್ಪತ್ತು ವರ್ಷಕ್ಕೂ ಮೇಲೆ ನಂಬಿಸಿಕೊಂಡು ಬಂದಿದ್ದೇನೆ. ಕೆಟ್ಟಿರುವುದು ನನ್ನದು. ಎಂಟನೇ ವಯಸ್ಸಿನಲ್ಲಿ ಮಂಗಬಾವು ಬಂತು. ಹೋಗುವಾಗ ಎಡಗಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಬಳ್ಳಾರಿಯ ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಕನ್ಫೆಶನ್‌ಗೆ ಹೋಗಿ ಮುಖ ಹಗುರ ಮಾಡಿಕೊಂಡು ಬರುವುದನ್ನು ಕಂಡು ನಾವು ಉಳಿದವರು ಹೊಟ್ಟೆಕಿಚ್ಚು ಪಡುತ್ತಿದ್ದೆವು. ನಮಗೆ ಆ ಸೌಕರ್ಯ ಇರಲಿಲ್ಲ, ಅದಕ್ಕೇ ಇಷ್ಟು ತಡವಾಯಿತು — ಇಲ್ಲ, ಇದು ನೆಪ. ಹೊಡೆದುಹಾಕುತ್ತೇನೆ.

ಹೆಣ್ಣು ನೋಡಲು ಬಂದ ದಿನ ಅವ್ವ ನನ್ನನ್ನು ಎಡಗಡೆ ಗೋಡೆ ಬರುವಂತೆ ಕೂಡಿಸಿದಳು. ಗೋಡೆ ನನ್ನನ್ನು ಏನೂ ಕೇಳಲಿಲ್ಲ. ಮುಂದೆ ಸಂಪ್ರದಾಯವೇ ಕಾಪಾಡಿತು: ಹೆಂಡತಿ ಯಾವಾಗಲೂ ಗಂಡನ ಎಡಕ್ಕೆ! ಹಾಗೆ ನಿಂತರೂ ಕೂತರೂ ಅವರು ನನ್ನ ಒಳ್ಳೆಯ ಕಿವಿಗೇ ಸಿಗುತ್ತಿದ್ದರು. ಎಷ್ಟು ಸಂಪ್ರದಾಯಸ್ಥ ಸೊಸೆ ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದರು. ಫ್ರ್ಯಾಂಕ್ಲಿ, ಸಂಸಾರ ಸುಖವಾಗಿಯೇ ಇತ್ತು — ಸ್ಟೀರಿಯೊ ಬರುವವರೆಗೆ.

ಇವರು ಆಗ ಕಾಲುವೆ ಇಲಾಖೆಯಲ್ಲಿ ಇಂಜಿನಿಯರ್. ಸೋಮವಾರ ಸಂಜೆ ನಮ್ಮ ಕೊಪ್ಪಳದ ಓಣಿಯ ಭಜನಾ ಮೇಳದಲ್ಲಿ ತಬಲಾ. ತೊಂಬತ್ತೆಂಟರಲ್ಲಿ ಗಂಗಾವತಿಯ ಅಂಗಡಿಯಿಂದ ಆ ಸೆಟ್ ತಂದೆವು. ಬಸ್ಸಿನಲ್ಲಿ ಇಬ್ಬರ ತೊಡೆಯ ಮೇಲೂ ಒಂದೊಂದು ಸ್ಪೀಕರ್, ಮದುವೆಯಾದ ಹೊಸದರಲ್ಲಿ ಒಬ್ಬರ ಕೈ ಒಬ್ಬರು ಹಿಡಿದಷ್ಟು ಜೋಪಾನವಾಗಿ. ಹಿಟ್ನಾಳ ದಾಟುವಷ್ಟರಲ್ಲಿ ಇವರು ಅದರ ಪುಸ್ತಕ ಓದಿ ಮುಗಿಸಿದ್ದರು.

ಇವರ ಚಿಂತೆ ಒಂದೇ. ಮಧ್ಯಾಹ್ನ ಅತ್ತೆ ಒಳಗೆ ಮಲಗಿರುತ್ತಾರೆ, ದನಿ ಸಣ್ಣದಿರಬೇಕು. ಸಣ್ಣದು ಮಾಡಿದರೆ ತಬಲಾದ ಜೋಡಿ ಡಗ್ಗಾದ ಗುಮ್ಮೆನ್ನುವ ನಾದ ಕರಗಿ ಬರೀ ಟಿಕ್ ಟಿಕ್ ಉಳಿಯುತ್ತದೆ. ಆಗ ಬಾಸ್ ಏರಿಸಬೇಕು, ಅತ್ತೆ ಗುಡಿಗೆ ಹೋದಾಗ ದನಿ ದೊಡ್ಡದು ಮಾಡಿ ಬಾಸ್ ಇಳಿಸಬೇಕು. ಇಷ್ಟು ಇವರೇ ಹೊಂದಿಸಿಕೊಂಡರು. ಎಡಬಲದ ಬ್ಯಾಲೆನ್ಸ್‌ಗೆ ಮಾತ್ರ ನನ್ನ ಕಾನ್ವೆಂಟಿನ ಕಿವಿಯೇ ಬೇಕಾಯಿತು. ಇಲಾಖೆಯ ಟೇಪು ಹಿಡಿದು ಅಳೆದು, ನಟ್ಟನಡುವೆ ಕುರ್ಚಿ ಹಾಕಿ, ನನ್ನನ್ನು ಕೂಡಿಸಿ, ಕಣ್ಣು ಮುಚ್ಚು ಅಂದರು.

ನಾನು ಕೇಳಿದ್ದನ್ನೇ ಹೇಳಿದೆ. "ಎಡಕ್ಕ ಇನ್ನೊಂಚೂರು ಬೇಕ್ರಿ."

ಕೊಟ್ಟರು. ಇನ್ನೊಂಚೂರು ಬೇಕು ಅಂದೆ. ಮತ್ತೆ ಕೊಟ್ಟರು. ದನಿ ದೊಡ್ಡದಾದಾಗ ನಾಲ್ಕೂ ಗೋಡೆಗೆ ಬಡಿದು ಹೇಗೋ ಬಲಗಿವಿಗೆ ಎಲ್ಲ ಬಂದು ಬೀಳುತ್ತಿತ್ತು, ಈಗ ಸರಿ ಅನ್ನುತ್ತಿದ್ದೆ. ಸಣ್ಣದಾದರೆ ಎಡಗಡೆಯದು ಇಲ್ಲವೇ ಇಲ್ಲ. ದನಿ ಸಣ್ಣದಾದರೆ ಎಡಗಡೆ ಸ್ಪೀಕರಿಗೂ ಅತ್ತೆಯಂತೆ ಜೊಂಪು ಹತ್ತುತ್ತದೆ ಎಂದು ಇವರು ತೀರ್ಮಾನಿಸಿ, ಬ್ಯಾಲೆನ್ಸ್ ಗುಂಡಿಯ ಸುತ್ತ ನನ್ನ ನೇಲ್ ಪಾಲಿಶ್‌ನಿಂದ ಎರಡು ಗುರುತು ಹಾಕಿದರು — ಅತ್ತೆ ಮಲಗಿದಾಗ ಒಂದು, ಗುಡಿಗೆ ಹೋದಾಗ ಒಂದು.

ಆಮೇಲೆ ತಾವೇ ಕುರ್ಚಿಯಲ್ಲಿ ಕೂತು ಹುಬ್ಬು ಗಂಟಿಕ್ಕಿದರು. ತಮಗೆ ಎಡಕ್ಕೇ ಜಾಸ್ತಿ ಅನಿಸುತ್ತದಲ್ಲ ಅಂದರು. ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು — ನಾ ಪಿಯಾನೊ ಕಲಿತಾಕಿ ಅದೀನ್ರಿ. ಮೈ ಗಾಡ್, ಆ ಪಿಯಾನೊ! ನಿನ್ನ ಎಡಗೈ ಆನೆಯ ಕಾಲಿದ್ದಂತೆ ಎಂದು ಸಿಸ್ಟರ್ ಮೂರು ವರ್ಷ ಬೈದಿದ್ದರು.

ಕುಷ್ಟಗಿಯಿಂದ ಮೈದುನ ಬಂದ. ಕೂತು ಎರಡು ನಿಮಿಷಕ್ಕೆ ಕತ್ತು ಓರೆ ಮಾಡಿದ.

"ವೈನಿ, ಇದು ಎಡಕ್ಕ ಭಾಳ ಒದರತೈತಲ್ಲ?"

ನಾನು ಚಹಾ ತರುವ ನೆಪದಲ್ಲಿ ಎದ್ದೆ. ಇವರಿಗೆ ಮಾತ್ರ ಸತ್ಯ ಹೊಳೆದುಬಿಟ್ಟಿತ್ತು. ತಮ್ಮನ ಹೆಗಲ ಮೇಲೆ ಕೈಯಿಟ್ಟು, "ನಿನಗೂ ಹಂಗ ಅನಸ್ತೈತೇನು? ಹಂಗಾರ ನಮ್ಮ ಮನಿತನದಾಗ ಬಲಗಿವಿ ಸರಿ ಇಲ್ಲ ನೋಡಪಾ," ಅಂದರು. ತೀರಿಕೊಂಡ ಮಾವನವರ ಬಲಗಿವಿಯ ಮೇಲೂ ಅನುಮಾನ ಬಂತು, ಕರೆದರೆ ಓಗೊಡುತ್ತಿರಲಿಲ್ಲವಂತೆ. ಮೈದುನ ಬಲಗಿವಿ ತಿಕ್ಕಿಕೊಳ್ಳುತ್ತಲೇ ಬಸ್ ಹತ್ತಿದ. ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಹೌದು, ನಕ್ಕೆ.

ನಗು ನಿಂತದ್ದು ಗಂಗಾವತಿಯ ಕಿವಿ ಡಾಕ್ಟರ ಕೋಣೆಯಲ್ಲಿ. ಇವರ ತಲೆಗೆ ಹೆಡ್‌ಫೋನ್ ಹಾಕಿ, ಬೀಪ್ ಕೇಳಿದಾಗೊಮ್ಮೆ ಗುಂಡಿ ಒತ್ತಿಸಿ, ಎರಡೂ ಕಿವಿ ಛಲೋ ಇವೆ ಅಂದರು ಡಾಕ್ಟರು. ಬೀಪ್ ಕೇಳುವುದಕ್ಕೂ ಹಾಡು ಕೇಳುವುದಕ್ಕೂ ವ್ಯತ್ಯಾಸವಿದೆ ಎಂದು ಇವರು ವಾದಕ್ಕೆ ನಿಂತರು. ಸ್ಟೀರಿಯೊ, ಕುರ್ಚಿ, ಪಿಯಾನೊ ಎಲ್ಲ ವಿವರಿಸಿದರು. ಡಾಕ್ಟರು ಮೆಲ್ಲಗೆ ನನ್ನ ಕಡೆ ತಿರುಗಿದರು.

"ಮೇಡಂ ಅವರದೂ ಒಮ್ಮೆ ನೋಡೂಣೇನ್ರಿ?"

"ನಥಿಂಗ್ ಇಸ್ ರಾಂಗ್ ವಿತ್ ಮೈ ಇಯರ್ಸ್, ಡಾಕ್ಟರ್."

ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮ ಕಡೆ ಹಾಗೆ ಹೇಳಿದರೆ ಮತ್ತೊಂದು ಮಾತು ಬರುವುದಿಲ್ಲ — ಗೊತ್ತಿದ್ದೇ ಹೇಳಿದೆ. ಇವರು ಹೆಮ್ಮೆಯಿಂದ ತಲೆಯಾಡಿಸಿದರು.

ಮುಂದಿನ ಸೋಮವಾರ ತಬಲಾ, ಡಗ್ಗಾ, ಶ್ರುತಿ ಕೂಡಿಸುವ ಸುತ್ತಿಗೆ ಮೂರನ್ನೂ ಮೇಳದಲ್ಲಿ ಹಾಡುವ ಬಟ್ಟೆ ಅಂಗಡಿಯವರಿಗೆ ಒಪ್ಪಿಸಿ ಬಂದರು. ಮೇಳದವರು ಕೈ ಹಿಡಿದು ಕೇಳಿಕೊಂಡರಂತೆ. ಒಂದೇ ಕಿವಿಯವನು ಸೂರ ಹೊಂದಿಸಿದರೆ ಹಾಡುವವರಿಗೆ ಮೋಸವಾಗುತ್ತದೆ ಅಂದರಂತೆ ಇವರು. ಮೋಸ ಎಂಬ ಪದವನ್ನೇ ಬಳಸಿದರು. ಆ ರಾತ್ರಿ ಊಟದ ತಟ್ಟೆಯ ಅಂಚಿನ ಮೇಲೆ ಅವರ ಬೆರಳು ಆಡುತ್ತಿದ್ದವು; ನಾನು ನೋಡಿದ್ದು ಕಂಡು ತಡೆದುಕೊಂಡರು. ಆಗಲೂ ನಾನು — ಇನ್ನೊಂದು ರೊಟ್ಟಿ ಬೇಕೇನ್ರಿ ಅಂದೆ.

ಇಷ್ಟು ವರ್ಷಗಳಾದ ಮೇಲೆ, ಹೋದ ಸೋಮವಾರ ಭಜನೆಗೆ ಹೋಗಿದ್ದೆವು. ಕೇಳುತ್ತ ಕೂತಿದ್ದ ಇವರು ನನ್ನ ಕಡೆ ಬಾಗಿ, "ತಬಲಾ ಸೂರ ಇಳದೈತಿ ಅನಸ್ತೈತಿ. ಇಲ್ಲಾ ನನ್ನ ಕಿವೀನೋ?" ಅಂದರು. ಎಂಬತ್ತು ದಾಟಿದ ಮನುಷ್ಯ, ಹಾಗೆ ಹೆದರಿ ಕೇಳಿದರು.

"ನಿಮ್ಮ ಕಿವಿ ಸರಿ ಅದಾವ್ರಿ. ನನಗ ಎಡಗಿವಿ ಕೇಳಸೂದಿಲ್ಲ."

ಅಂತೂ ಹೇಳಿದ್ದೆ. ಇವರು ನನ್ನ ಕೈ ಹಿಡಿದುಕೊಂಡರು.

"ವಯಸ್ಸಾತಲ್ಲ, ಆಗ್ತೈತಿ. ಹೆದರಬ್ಯಾಡ. ಒಂದ ಕಿವಿ ಮ್ಯಾಲ ಹೆಂಗ ಬದಕಬೇಕು, ನಾ ಕಲಸ್ತೀನಿ."

ಮರುದಿನದಿಂದ ದಿನಾ ಬೆಳಿಗ್ಗೆ ಪಾಠ ನಡೆದಿದೆ. ರಸ್ತೆ ದಾಟುವಾಗ ಕಣ್ಣನ್ನು ನಂಬು, ಕಿವಿಯನ್ನಲ್ಲ. ಮಂದಿಯಲ್ಲಿ ಮಾತು ತಪ್ಪಿದರೆ ಎಲ್ಲರೂ ನಕ್ಕ ಮೇಲೆ ನಗು. ಕೇಳಿಸಲಿಲ್ಲ ಎಂದು ಹೇಳಲು ನಾಚಬೇಡ. ಅವರು ಬಹಳ ಒಳ್ಳೆಯ ಮಾಸ್ತರು. ಎಲ್ಲವನ್ನೂ ಒಬ್ಬರೇ, ಯಾರ ಸಹಾಯವೂ ಇಲ್ಲದೆ, ಇಷ್ಟು ವರ್ಷ ಕಷ್ಟಪಟ್ಟು ಕಲಿತಿದ್ದಾರೆ. ನಾನು ಕೂತು ಕಲಿಯುತ್ತಿದ್ದೇನೆ.

ವಯಸ್ಸಿನಿಂದಲ್ಲ ಎಂಬ ಮಾತೊಂದು ಬಾಕಿ ಇದೆ. ನಾಳೆ ಪಾಠ ಶುರುವಾಗುವ ಮೊದಲು ಹೇಳುತ್ತೇನೆ — ಕನ್ನಡದಲ್ಲಿ.