ಸಂಪತ್ಕುಮಾರರ ನಾಲ್ಕು ಹಲ್ಲು

ಹೊಳೆನರಸೀಪುರದ ಅರ್ಚಕ ಸಂಪತ್ಕುಮಾರರಿಗೆ ಮುಂದಿನ ನಾಲ್ಕು ಹಲ್ಲು ಹೋದದ್ದು ಎರಡು ಸಾವಿರದ ಮೂರರಲ್ಲಿ, ಹೇಮಾವತಿಯ ಮೆಟ್ಟಿಲ ಮೇಲೆ. ಸ್ನಾನ ಮುಗಿಸಿ ಏಳುವಾಗ ಕಾಲು ಜಾರಿತು, ಅಷ್ಟೆ. ಅವರ ಬಾಯಿಂದ ಸ್ತೋತ್ರ ಕೇಳಬೇಕೆಂದೇ ಅರಕಲಗೂಡಿನಿಂದ ಜನ ಬರುತ್ತಿದ್ದ ಕಾಲವೊಂದಿತ್ತು. ಈಗ ಸಕಾರ ಬಂದಲ್ಲೆಲ್ಲ ಗಾಳಿ ಪುಸ್ಸೆಂದು ಸೋರುತ್ತಿತ್ತು.

ತೆಗೆದು ಹಾಕುವ ಸೆಟ್ಟೊಂದನ್ನು ಮಾಡಿಸಿಕೊಂಡರು. ಆದರೆ ಮಡಿಯುಟ್ಟ ಕೂಡಲೇ ಅದನ್ನು ತೆಗೆದು ಲೋಟದ ನೀರಿಗೆ ಹಾಕಿಬಿಡುವರು. ಮಡಿಗೆ ಪ್ಲಾಸ್ಟಿಕ್ ಆಗಿಬರುವುದಿಲ್ಲವಂತೆ. ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಆ ದೇವರಿಗೇ ಗೊತ್ತು.

ಮೊಮ್ಮಗಳು ಸಂಹಿತಾಗೆ ಪಾಠ ನಡೆಯುತ್ತಿದ್ದದ್ದು ಆ ಮಡಿಯಲ್ಲೇ, ಪೂಜೆ ಮುಗಿದ ಮೇಲೆ. ಅವರ ಮನೆತನದಲ್ಲಿ ಕಲಿಯುವವರ ಕೈಗೆ ಪುಸ್ತಕ ಕೊಡುವ ರೂಢಿಯಿಲ್ಲ. ಹಿರಿಯರು ಒಂದು ಸಲ ಹೇಳಬೇಕು, ಕಲಿಯುವವರು ಎರಡು ಸಲ ಒಪ್ಪಿಸಬೇಕು. ಕಿವಿಗೆ ಬಿದ್ದದ್ದೇ ಪಾಠ. ಆರು ವರ್ಷದ ಹುಡುಗಿ, ಬಲು ಚೂಟಿ. ತಾತ ಹೇಳಿದ್ದನ್ನು ತಾತ ಹೇಳಿದಂತೆಯೇ ಒಪ್ಪಿಸುತ್ತಿದ್ದಳು, ಆ ಸೋರುವ ಗಾಳಿಯ ಸಮೇತ.

ಕೊನೆಗೆ ಹೆಂಡತಿ ಅಂಬುಜಮ್ಮನೇ ಅವರನ್ನು ಹಾಸನದ ಹಲ್ಲಿನ ಡಾಕ್ಟರು ಗೌತಮ್ ಬಳಿಗೆ ಎಳೆದುಕೊಂಡು ಹೋದರು.

"ಇಂಪ್ಲಾಂಟ್ ಹಾಕಿಸ್ಕೊಳ್ಳಿ ಸ್ವಾಮಿ," ಎಂದರು ಗೌತಮ್. "ದವಡೆ ಮೂಳೆಗೆ ಸ್ಕ್ರೂ ಕೂರಿಸ್ತೀವಿ. ಮೂಳೆ ಅದನ್ನ ಹಿಡ್ಕೊಳ್ಳೋಕೆ ಐದಾರು ತಿಂಗಳು ಬೇಕು. ಆಮೇಲೆ ಅದರ ಮೇಲೆ ಹಲ್ಲು. ತೆಗೆಯೋದು, ಹಾಕೋದು ಏನೂ ಇಲ್ಲ."

"ಮೈಯೊಳಗೆ ಲೋಹ ಇಟ್ಕೊಂಡು ದೇವರನ್ನ ಮುಟ್ಟೋದು ಹ್ಯಾಗಪ್ಪಾ? ಯೋಚನೆ ಮಾಡ್ತೀನಿ," ಎಂದು ಇವರು ಎದ್ದುಬಂದರು.

ಬಸ್ಸಿನಲ್ಲಿ ಅಂಬುಜಮ್ಮ ಬಿಡಲಿಲ್ಲ. "ಅಲ್ಲಾ ಅಂದ್ರೆ, ಕನ್ನಡಕ ಹಾಕ್ಕೊಂಡೇ ಗರ್ಭಗುಡಿಗೆ ಹೋಗ್ತೀರಲ್ಲ. ಅದಕ್ಕಿಲ್ಲದ ಮೈಲಿಗೆ ಹಲ್ಲಿಗೆ ಎಲ್ಲಿಂದ ಬಂತು?"

ಅದಕ್ಕೂ ಸಂಪತ್ಕುಮಾರರು, "ಯೋಚನೆ ಮಾಡ್ತೀನಿ," ಎಂದರು. ಆ ಯೋಚನೆ ಮೂರು ವರ್ಷ ನಡೆಯಿತು, ಮಹಾನುಭಾವರದು.

ಮೂರನೆಯ ವರ್ಷ ಚನ್ನರಾಯಪಟ್ಟಣದಲ್ಲಿ ಮಕ್ಕಳ ಸ್ತೋತ್ರ ಸ್ಪರ್ಧೆ ನಡೆಯಿತು. ಸಂಹಿತಾ ಮೈಕಿನ ಮುಂದೆ ನಿಂತು ಶುರುಮಾಡಿದಳು. ಮೊದಲು ಮುಂದಿನ ಸಾಲಿನ ಮಕ್ಕಳು ಕಿಸಕ್ಕೆಂದರು, ಆಮೇಲೆ ದೊಡ್ಡವರೂ ಬಾಯಿಗೆ ಸೆರಗು ಒತ್ತಿಕೊಂಡರು. ಹುಡುಗಿ ನಿಲ್ಲಿಸಲಿಲ್ಲ, ಕೊನೆಯ ಸಾಲಿನವರೆಗೂ ಹೇಳಿದಳು. ತೀರ್ಪುಗಾರರಾಗಿದ್ದ ಟೀಚರ್ ಸುವರ್ಣಮ್ಮ ಮೆಲ್ಲಗೆ, "ಯಾರಮ್ಮ ಹೇಳಿಕೊಟ್ಟೋರು?" ಎಂದು ಕೇಳಿದರು.

"ನಮ್ಮ ತಾತ," ಎಂದು ಸಂಹಿತಾ ಬೆರಳು ತೋರಿಸಿದಳು.

ಸಭೆಯೆಲ್ಲ ತಿರುಗಿ ನೋಡಿತು. ಅಂದು ಮಡಿಯಲ್ಲಿರಲಿಲ್ಲವಾದ್ದರಿಂದ ಸಂಪತ್ಕುಮಾರರ ಬಾಯಲ್ಲಿ ಸೆಟ್ಟು ಅಚ್ಚುಕಟ್ಟಾಗಿ ಕೂತಿತ್ತು. ಅವರಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

ಮರುವಾರವೇ ಹಾಸನಕ್ಕೆ ಹೋದರು. ಮೈಲಿಗೆಯ ಮಾತೆತ್ತಲಿಲ್ಲ. ಸ್ಕ್ರೂ ಕೂತಿತು, ತಿಂಗಳುಗಳು ಕಳೆದವು, ಹಲ್ಲು ಬಂದವು. ಆವರೆಗೆ ಪಾಠ ನಿಂತಿತ್ತು. ಒಂದು ಬೆಳಿಗ್ಗೆ ಪೂಜೆ ಮುಗಿಸಿ ಮೊಮ್ಮಗಳನ್ನು ಕೂರಿಸಿಕೊಂಡು ಮೊದಲ ಸಾಲು ಹೇಳಿದರು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂತು.

ಸಂಹಿತಾ ಒಪ್ಪಿಸಲಿಲ್ಲ. "ತಾತ, ಆಗ ನಾನು ತಪ್ಪು ಹೇಳ್ತಿದ್ದಿದ್ದು ನಿಮಗೆ ಗೊತ್ತಾಗ್ತಿತ್ತಾ?" ಎಂದು ಕೇಳಿದಳು.

ಗೊತ್ತಾಗುತ್ತಿತ್ತು. ಮೊದಲ ದಿನದಿಂದಲೂ. ತಿದ್ದಬೇಕಾದರೆ ತಪ್ಪು ನನ್ನ ಬಾಯದ್ದು ಎನ್ನಬೇಕಿತ್ತು. ಆ ಒಂದು ಮಾತಿಗೆ ನಾಚಿ ಮಗುವನ್ನು ಮೈಕಿನ ಮುಂದೆ ನಿಲ್ಲಿಸಿದ್ದರು.

"ಗೊತ್ತಾಗ್ತಿತ್ತು ಪುಟ್ಟಿ," ಎಂದರು.

ಹುಡುಗಿ ಎದ್ದು ಒಳಗೆ ಹೋದಳು. ಮತ್ತೆಂದೂ ಅವರೆದುರು ಪಾಠಕ್ಕೆ ಕೂರಲಿಲ್ಲ.