ಗೂಬೆ ಹೊದಿಸಿದ ಶಾಲು

ನಮ್ಮ ಮನೆಯವರೆಲ್ಲ ಒಟ್ಟಿಗೆ ಕೂತು ಒಂದು ಸಿನಿಮಾ ನೋಡಿದ ಚರಿತ್ರೆಯೇ ಇಲ್ಲ. ಹೋಟೆಲಿನವರ ಮನೆ. ಅಪ್ಪ ಕುಂದಾಪುರದ ಕಡೆಯಿಂದ ನಾಸಿಕಕ್ಕೆ ಬಂದು ಪಂಚವಟಿಯ ಈ ಗಲ್ಲಿಯಲ್ಲಿ ಇಡ್ಲಿ ದೋಸೆ ಶುರು ಮಾಡಿದಾಗಿನಿಂದ ಒಂದೇ ಕಾನೂನು: ಗಲ್ಲಾದ ಕುರ್ಚಿ ಖಾಲಿ ಇರಬಾರದು. ಹಾಗಾಗಿ ನಾವು ಸಿನಿಮಾವನ್ನೂ ಮದುವೆ ಊಟದ ಹಾಗೆ ಪಂಕ್ತಿಯಲ್ಲಿ ಮುಗಿಸುತ್ತಿದ್ದೆವು. ಮ್ಯಾಟಿನಿಗೆ ಅಮ್ಮ ಮತ್ತು ಅಕ್ಕ, ಸಂಜೆಯ ಆಟಕ್ಕೆ ಅಪ್ಪ ಮತ್ತು ನಾನು. ಮೊದಲ ಪಂಕ್ತಿಯ ಅಕ್ಕ ಬಂದವಳೇ ನನ್ನ ಕಿವಿಯಲ್ಲಿ ಕೊನೆಯನ್ನು ಹೇಳಿಬಿಡುತ್ತಿದ್ದಳು, ಅದೂ ತಪ್ಪು ಕೊನೆ. ಹೀರೋ ಸಾಯುತ್ತಾನೆ ಎಂದು ನಾನು ಮೂರು ಗಂಟೆ ಮೂಗು ಒರೆಸಿಕೊಂಡು ಕಾದರೆ, ಆ ಪುಣ್ಯಾತ್ಮ ಕೊನೆಗೆ ಮದುವೆಯಾಗಿ ಹಲ್ಲು ಕಿರಿದು ನಿಂತಿರುತ್ತಿದ್ದ. ಅಪ್ಪ ನನ್ನನ್ನು ಮುಂದೆ ಕೂರಿಸಿ ತಾವು ಹಿಂದೆ ಬಾಗಿಲ ಪಕ್ಕದ ಸೀಟು ಹಿಡಿಯುತ್ತಿದ್ದರು. ಅಲ್ಲಿ ಗಾಳಿ ಬರುತ್ತದೆ ಎನ್ನುತ್ತಿದ್ದರು.

ಈಗ ಗಲ್ಲಾದ ಕುರ್ಚಿ ನನ್ನದು. ಸಿನಿಮಾ ನನಗೆ ಅಷ್ಟಕ್ಕಷ್ಟೇ, ಆದರೆ ಅಭಿಪ್ರಾಯ ಮಾತ್ರ ಎಲ್ಲದರ ಬಗ್ಗೆಯೂ ಉಂಟು. ಆ ಕುರ್ಚಿಯಲ್ಲಿ ಕೂತವನಿಗೆ ಅಂಟುವ ರೋಗ ಅದು. ನದಿಯ ನೀರು, ಪುರೋಹಿತರ ಜಗಳ, ರಿಕ್ಷಾದವರ ದರ್ಬಾರು, ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ನನ್ನ ಮಗಳಿಗೂ ಈ ರೋಗ ಬಂದಿದೆ, ಆದರೆ ಶಿಸ್ತಾಗಿ ಬಂದಿದೆ. ಹೋಟೆಲಿನ ಆರ್ಡರ್ ಬರೆಯುವ ಪುಸ್ತಕವೊಂದನ್ನು ಎತ್ತಿಕೊಂಡು ಹೋಗಿದ್ದಾಳೆ. ಯಾರು ಯಾವ ಸಿನಿಮಾ ನೋಡಿ ಬಂದರೂ ಅವರನ್ನು ಹಿಡಿದು ಎರಡು ಪ್ರಶ್ನೆ ಕೇಳುತ್ತಾಳೆ: ಹತ್ತಕ್ಕೆ ಎಷ್ಟು, ಯಾವ ಸೀನ್ ಇಷ್ಟ ಆಯ್ತು. ಸೀನ್ ಹೇಳದವರ ಮಾರ್ಕನ್ನು ಬರೆದುಕೊಳ್ಳುವುದಿಲ್ಲ.

ಎರಡು ವರ್ಷದ ಹಿಂದೆ, ಅವಳಿಗೆ ಎಂಟು ತುಂಬಿದ ಹೊಸತರಲ್ಲಿ, ಅವಳು ಫೋನಿನಲ್ಲಿ ಆಡುವ ಒಂದು ಆಟ ಸಿನಿಮಾ ಆಗಿ ಬಂತು. ಕೆಂಪು ಪ್ರಾಣಿಯೊಂದು ಬಾವಿಯಿಂದ ಬಾವಿಗೆ ಹಾರುತ್ತ ಬೀಗದಕೈ ಹೆಕ್ಕುವ ಆಟ. ನಾನು ಅದನ್ನು ಮುಂಗುಸಿ ಎನ್ನುತ್ತೇನೆ. "ಅಪ್ಪಾ, ಅದು ಮುಂಗುಸಿ ಅಲ್ಲ!" ಎಂದು ಅವಳು ಕಿರುಚುತ್ತಾಳೆ. ಮತ್ತೆಂತದು ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. "ಈ ಸಲ ನೀವು ನನ್ನ ಒಟ್ಟಿಗೇ ಬರ್ಬೇಕು, ಆಮೇಲಿನ ಶೋ ಅಲ್ಲ" ಎಂದು ವಾರವಿಡೀ ಗಂಟುಬಿದ್ದಳು. ಒಪ್ಪಿದೆ. ಗಲ್ಲಾದಲ್ಲಿ ಅಡುಗೆಯ ಭಟ್ಟರನ್ನು ಕೂರಿಸಿದೆ. ಅಪ್ಪನ ಕಾಲದಿಂದ ನಮ್ಮಲ್ಲಿರುವ ಮುದುಕರು. ದೋಸೆ ಕಾವಲಿಯ ಮುಂದೆ ಹುಲಿ, ಗಿರಾಕಿಗಳ ಮುಂದೆ ಇಲಿ.

ಟಿಕೆಟ್ ತಡವಾಗಿ ತೆಗೆದದ್ದರಿಂದ ಮೂರು ಸೀಟು ಒಟ್ಟಿಗೆ ಸಿಗಲಿಲ್ಲ. ಹೆಂಡತಿ, ಮಗಳು ಮುಂದೆ. ನಾನು ಐದು ಸಾಲು ಹಿಂದೆ, ಬಾಗಿಲ ಪಕ್ಕ. ದೀಪ ಆರಿ ಹತ್ತು ನಿಮಿಷವೂ ಆಗಿರಲಿಲ್ಲ, ಕಿಸೆಯಲ್ಲಿ ಫೋನು ಗುರ್ರೆಂದಿತು. ಭಟ್ಟರು. ಯಾತ್ರಿಕರ ಎರಡು ಬಸ್ಸು ಬಂದು ನಿಂತಿದೆ, ಚಟ್ನಿ ತಳ ಕಂಡಿದೆ, "ನನ್ನ ಕೈಯಲ್ಲಿ ಆಗುದಿಲ್ಲ, ನೀವು ಬನ್ನಿ." ಅಳುವುದೊಂದು ಬಾಕಿ. ಐದು ಸಾಲು ಮುಂದೆ ಮಗಳ ಜುಟ್ಟು ಕಾಣುತ್ತಿತ್ತು. ಅರ್ಧ ಗಂಟೆಯಲ್ಲಿ ಬಂದರಾಯಿತು ಎಂದು ಎದ್ದೆ. ಹೋಟೆಲಿನಲ್ಲಿ ಅರ್ಧ ಗಂಟೆ ಎಂಬುದೇ ಇಲ್ಲ. ಇಂಟರ್ವಲ್ ಹೊತ್ತಿಗೆ ಹೆಂಡತಿಗೆ 'ಪಾಪ್‌ಕಾರ್ನ್ ಲೈನಿನಲ್ಲಿ ಇದ್ದೇನೆ' ಎಂದು ಮೆಸೇಜು ಹಾಕಿದೆ. ಒಂದು ಕೈಯಲ್ಲಿ ಸಾಂಬಾರಿನ ಸೌಟು, ಇನ್ನೊಂದರಲ್ಲಿ ಈ ಸುಳ್ಳು. ವಾಪಸು ಓಡಿಬಂದು ಸೀಟಿಗೆ ಬೆನ್ನು ಹಚ್ಚುವಾಗ ಪರದೆಯ ಮೇಲೆ ಹೆಸರುಗಳು ಓಡುತ್ತಿದ್ದವು. ದೀಪ ಹತ್ತಿತು. ಮಗಳು ತಿರುಗಿ ಕೈ ಬೀಸಿದಳು. ನಾನೂ ಬೀಸಿದೆ, ಸಾಕ್ಷಿಗೆಂದು ಕೊಂಡ ಪಾಪ್‌ಕಾರ್ನ್ ಡಬ್ಬದ ಸಮೇತ.

ಮರುದಿನ ಬೆಳಿಗ್ಗೆ ಅವಳು ಭಟ್ಟರಿಗೆ ಕಥೆ ಹೇಳುತ್ತಿದ್ದಳು. ನಾನು ಗಲ್ಲಾದಲ್ಲಿ ಕೂತು ಕಿವಿ ನಿಮಿರಿಸಿಕೊಂಡೆ. ಸಂಜೆಯೊಳಗೆ ಆರ್ಡರ್ ಪುಸ್ತಕ ನನ್ನ ಮುಂದೆ ಬರುತ್ತದೆ ಎಂದು ಗೊತ್ತಿತ್ತಲ್ಲ. ಹಿಮದ ಗುಹೆಯಲ್ಲಿ ಮುಂಗುಸಿ ಸುಸ್ತಾಗಿ ಬೀಳುತ್ತದೆ. ಗುಹೆ ಕಾಯುವ ಮುದಿ ಗೂಬೆ ಅದರ ವೈರಿ. ಅದು ಬಂದು ಕೊಲ್ಲುವ ಬದಲು ತನ್ನ ಶಾಲು ತೆಗೆದು ಮುಂಗುಸಿಗೆ ಹೊದಿಸುತ್ತದೆ. ಭಟ್ಟರು ಕಾವಲಿ ಬಿಟ್ಟು ಕಣ್ಣು ಒರೆಸಿಕೊಂಡರು. ನನಗೆ ಅಷ್ಟು ಸಾಕಾಯಿತು.

"ಹತ್ತಕ್ಕೆ ಎಷ್ಟು?" ಎಂದಳು ಮಧ್ಯಾಹ್ನ.

"ಒಂಬತ್ತು."

"ಯಾವ ಸೀನ್?"

"ಆ ಗೂಬೆ ಶಾಲು ಹೊದಿಸ್ತದಲ್ಲ, ಅದು. ನನ್ನ ಕಣ್ಣಲ್ಲಿ ನೀರೇ ಬಂತು ಮಾರಾಯ್ತಿ."

"ಖರಂಚ್?" ನಿಜವಾಗಿಯೂ ಹೌದಾ ಎಂದು ಗಟ್ಟಿಯಾಗಿ ಕೇಳಬೇಕಾದಾಗ ಅವಳ ಬಾಯಿಗೆ ಬರುವುದು ಮರಾಠಿಯೇ.

"ಖರಂಚ್" ಎಂದೆ ನಾನು, ಎದೆ ಮುಟ್ಟಿಕೊಂಡು.

ಅವಳು ಪೆನ್ನಿನ ಮುಚ್ಚಳ ಹಾಕಿ ಒಳಗೆ ಹೋದಳು. ಬರೆದುಕೊಂಡಳೋ ಇಲ್ಲವೋ ನಾನು ನೋಡಲಿಲ್ಲ. ಗಿರಾಕಿ ಬಂದಿದ್ದ.

ಈ ಬೇಸಿಗೆ ರಜೆಯಲ್ಲಿ ಆ ಸಿನಿಮಾದ ಎರಡನೇ ಭಾಗ ಬಂತು. ಅದೇ ವಾರ ನನ್ನ ತಲೆ ಕೆಡಿಸುವ ಇನ್ನೊಂದು ಸಂಗತಿಯೂ ನಡೆಯಿತು. ಯಾವನೋ ಒಬ್ಬ ಇಂಟರ್ನೆಟ್ಟಿನಲ್ಲಿ ನಮ್ಮ ಹೋಟೆಲಿಗೆ ಒಂದೇ ಒಂದು ನಕ್ಷತ್ರ ಕೊಟ್ಟು, ಇಲ್ಲಿನ ಬಿರಿಯಾನಿ ಹಳಸಿತ್ತು ಎಂದು ಬರೆದಿದ್ದ. ಬಿರಿಯಾನಿ! ಇಡ್ಲಿ, ದೋಸೆ, ಉಪ್ಪಿಟ್ಟು ಬಿಟ್ಟು ಬೇರೆ ಹೊಗೆ ಕಾಣದ ಅಡುಗೆಮನೆಯಲ್ಲಿ ಬಿರಿಯಾನಿ! "ಬಾಗಿಲಿಗೆ ಕಾಲಿಡದೆ, ಒಂದು ತುತ್ತು ಬಾಯಿಗಿಡದೆ ಬರೀತಾನಲ್ಲ, ಇವನಿಗೆ ನಾಚಿಕೆ ಎಂತದಾದ್ರೂ ಉಂಟಾ?" ಎಂದು ನಾನು ಮನೆಯಲ್ಲಿ ಸೂರು ಹಾರುವ ಹಾಗೆ ಕೂಗಾಡುತ್ತಿದ್ದೆ. ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಮಗಳು ಅವಲಕ್ಕಿ ತಿನ್ನುತ್ತಿದ್ದಳು.

"ಅಪ್ಪಾ," ಎಂದಳು ಅವಳು ತಲೆ ಎತ್ತದೆ, "ಸಿನಿಮಾದಲ್ಲೂ ಶಾಲು ಇರ್ಲಿಲ್ಲ."

"ಎಂತ ಶಾಲು?"

"ಗೂಬೆ ಶಾಲು. ಅದು ನಾನೇ ಸೇರಿಸಿದ್ದು. ಭಟ್ರಿಗೆ ಬೋರ್ ಆಗಿ ಆಚೆ ನೋಡ್ತಿದ್ರು, ಅದಕ್ಕೆ."

ಇಂಗ್ಲಿಷ್ ಸಿನಿಮಾದ ಗೂಬೆ ಎಲ್ಲಾದರೂ ಶಾಲು ಹೊದೆಯುತ್ತದೆಯೇ ಎಂದಾದರೂ ನನಗೆ ಹೊಳೆಯಬೇಕಿತ್ತು. ನಮ್ಮಲ್ಲಿ ಯಾರಿಗೆ ಮರ್ಯಾದೆ ಮಾಡುವುದಿದ್ದರೂ ಶಾಲು ಹೊದಿಸುವುದೇ ಅಲ್ಲವೇ, ಗೂಬೆಯೂ ಹೊದಿಸಿತು ಎಂದು ಒಪ್ಪಿಕೊಂಡಿದ್ದೆ. ಅವಳು ನನಗೆ ಗಾಳ ಹಾಕಿದ್ದೂ ಅಲ್ಲ. ಮುದುಕರಿಗೆ ಖುಷಿಯಾಗಲಿ ಎಂದು ಸೇರಿಸಿದ್ದಕ್ಕೆ ನಾನಾಗಿಯೇ ಹೋಗಿ ಬಿದ್ದಿದ್ದೆ. ಎರಡು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಗು ಸುಮ್ಮನಿತ್ತಲ್ಲ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ಒಮ್ಮೆ ಜಗಳ ಆಡಿದ್ದರೆ ಎಷ್ಟೋ ವಾಸಿಯಿತ್ತು.

"ಈ ಸಲ ಎಲ್ಲ ಒಟ್ಟಿಗೇ ಹೋಗುವ, ಮಗಾ" ಎಂದೆ.

"ನಕೊ. ನೀವು ಬರೋದು ಬೇಡ. ನಾನು ಅತ್ತೆ ಒಟ್ಟಿಗೆ ನೋಡ್ತೇನೆ."

ಸಿಟ್ಟಿಲ್ಲ, ಅಳುವಿಲ್ಲ. ಗಿರಾಕಿ ಇನ್ನೊಂದು ಚಹಾ ಬೇಡ ಎಂದ ಹಾಗೆ ಹೇಳಿದಳು. ಅತ್ತೆ ಎಂದರೆ ನನ್ನ ಅಕ್ಕ, ತಪ್ಪು ಕೊನೆ ಹೇಳುತ್ತಿದ್ದ ಅದೇ ಅಕ್ಕ. ಈಗ ಬಸ್ಸಿನಲ್ಲಿ ನಾಲ್ಕೈದು ಗಂಟೆ ದೂರದ ಸಂಭಾಜಿನಗರದಲ್ಲಿದ್ದಾಳೆ. ಭಾವ ವಾಳೂಜಿನಲ್ಲಿ ಕಾರ್ಖಾನೆಯವರಿಗೆ ಊಟದ ಮೆಸ್ ನಡೆಸುತ್ತಾರೆ. ಮಗಳು ರಜೆಗೆ ಅಲ್ಲಿಗೆ ಹೋಗುವುದು ಪ್ರತಿ ವರ್ಷದ ರೂಢಿ. ಈ ಸಲವೂ ಹೋದಳು, ಆರ್ಡರ್ ಪುಸ್ತಕ ಚೀಲದಲ್ಲಿಟ್ಟುಕೊಂಡು.

"ನಿನಗೂ ಗೊತ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದೆ.

"ಇಂಟರ್ವಲ್ ಆದ್ಮೇಲೆ ತಿರುಗಿ ನೋಡಿದ್ದೆ. ಸೀಟು ಖಾಲಿ. ಅವಳು ತಿರುಗದ ಹಾಗೆ ಹೆಗಲು ಹಿಡ್ಕೊಂಡು ಕೂತಿದ್ದೆ."

"ಹೇಳ್ಬಹುದಿತ್ತಲ್ಲ ನನಗೆ!"

"ಎಂತ ಹೇಳುದು? ನೀವು ಎದ್ದು ಹೋದದ್ದು ನಿಮ್ಗೆ ಗೊತ್ತಿಲ್ಲದ್ದಾ?"

ಇದಕ್ಕೆ ನನ್ನ ಹತ್ತಿರ ಅಭಿಪ್ರಾಯ ಇರಲಿಲ್ಲ. ಆ ವಾರ ನಾನು ಸಾಂಬಾರಿಗೆ ಉಪ್ಪು ಜಾಸ್ತಿ ಎಂದು ಭಟ್ಟರ ಮೇಲೆ ರೇಗಿದೆ, ಉಪ್ಪು ಸರಿಯಾಗಿಯೇ ಇತ್ತು. ಮಗಳು ದಿನಾ ಫೋನು ಮಾಡುತ್ತಿದ್ದಳು, ತಾಯಿಗೆ. ವೇರೂಳಿನ ಗುಹೆ ದೇವಾಲಯಕ್ಕೆ ಹೋದದ್ದು, ಅದರ ಮುಂದೆ ನಿಂತ ಫೋಟೋ, ಎಲ್ಲ ತಾಯಿಗೆ. ಒಂದು ಸಿನಿಮಾ ತಪ್ಪಿತೆಂದು ನನಗೆ ದುಃಖವಿರಲಿಲ್ಲ. ನಾಳೆ ನಾನು ಇವಳಿಗೆ ಹೌದು ಎಂದರೆ ಅದು ಹೌದೋ ಅಲ್ಲವೋ ಎಂದು ಇವಳು ಇನ್ನೊಬ್ಬರನ್ನು ಕೇಳುವ ಹಾಗಾಯಿತಲ್ಲ, ಅದು ಕೊರೆಯುತ್ತಿತ್ತು.

ಶುಕ್ರವಾರ ಅಕ್ಕನ ಫೋನು ಬಂತು. "ಭಾನುವಾರ ಮ್ಯಾಟಿನಿಗೆ ಮೂರು ಸೀಟು, ಒಟ್ಟಿಗೆ. ಬರ್ತಿಯೋ, ಗಲ್ಲಾ ತಬ್ಬಿಕೊಂಡು ಕೂತಿರ್ತಿಯೋ?"

"ನಾನು ಬರುದು ಬೇಡ ಅಂದಿದ್ದಾಳೆ."

"ಬೇಡ ಅಂದದ್ದು ಸುಳ್ಳು ಹೇಳುವವನನ್ನು. ಅಪ್ಪನೂ ಹೀಗೇ ಮಾಡ್ತಿದ್ದದ್ದು, ಗೊತ್ತುಂಟಾ? ನಿನ್ನನ್ನು ಮುಂದೆ ಕೂರಿಸಿ ಹೋಟೆಲಿಗೆ ಬಂದು ನಮ್ಮನ್ನೆಲ್ಲ ಬೈದು ಪುನಃ ಥಿಯೇಟರಿಗೆ ಓಡ್ತಿದ್ರು. ನೀನು ಪೆದ್ದ, ಗಾಳಿ ಬರ್ತದೆ ಅಂದ್ರೆ ನಂಬಿದಿ. ನಿನ್ನ ಮಗಳು ಪೆದ್ದಿ ಅಲ್ಲ ಮಾರಾಯ."

ಐವತ್ತು ಸಮೀಪಿಸಿದ ಗಂಡಸು ನಾನು, ಗಲ್ಲಾದಲ್ಲಿ ಕೂತು ಎಣಿಸಿದ ನೋಟನ್ನೇ ಮತ್ತೆ ಎಣಿಸಿದೆ. ಅಪ್ಪನ ಮೇಲೆ ಸಿಟ್ಟು ಬಂತು, ಮರುಕ್ಷಣ ಪಾಪ ಎನಿಸಿತು. ಆ ಮನುಷ್ಯ ಒಂದೇ ಒಂದು ಸಿನಿಮಾವನ್ನೂ ಪೂರ್ತಿ ನೋಡಲಿಲ್ಲ.

ಭಾನುವಾರ ಎಂದರೆ ಪಂಚವಟಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗಲ್ಲಾದಲ್ಲಿ ಹೆಂಡತಿಯನ್ನು ಕೂರಿಸಿ, ಹಾಲಿನವನಿಂದ ಹಿಡಿದು ಗ್ಯಾಸಿನವನವರೆಗೆ ಎಲ್ಲರ ಲೆಕ್ಕ ನಾನು ಹೇಳುತ್ತ ಹೋದೆ. "ಹೋಗಿ ಮಾರಾಯ್ರೆ, ಬಸ್ಸು ತಪ್ತದೆ" ಎಂದು ಅವಳು ನನ್ನನ್ನು ಹೊರಗೆ ತಳ್ಳಿದಳು. ಬೆಳಗಿನ ಜಾವ ನಾಲ್ಕು ಗಂಟೆಗೇ ಎದ್ದು ಹಿಟ್ಟು, ಚಟ್ನಿ ಎಲ್ಲ ನೋಡಿ ಆಗಿತ್ತು, ಆರರ ಬಸ್ಸು ಹಿಡಿದೆ. ಅಕ್ಕನ ಬಾಗಿಲು ತೆರೆದದ್ದು ಮಗಳು.

"ಹೋಟೆಲ್?" ಎಂದಳು, ಮೊದಲ ಮಾತೇ ಅದು.

"ಅಮ್ಮ ಕೂತಿದ್ದಾಳೆ."

"ಭಟ್ರ ಫೋನ್ ಬಂದ್ರೆ?"

ನಾನು ಫೋನನ್ನು ಆಫ್ ಮಾಡಿ ಅಕ್ಕನ ಚೀಲದೊಳಗೆ ಹಾಕಿದೆ. ಮಗಳು ಚೀಲದ ಜಿಪ್ ಎಳೆದು ನೋಡಿ, ಮತ್ತೆ ಮುಚ್ಚಿದಳು.

ಥಿಯೇಟರಿನಲ್ಲಿ ಅವಳು ನಡುವೆ, ಆಚೆ ಅಕ್ಕ, ಈಚೆ ನಾನು. ದೀಪ ಆರಿತು. ಅವಳು ಎರಡು ನಿಮಿಷಕ್ಕೊಮ್ಮೆ ನನ್ನ ಕಡೆ ನೋಡುತ್ತಿದ್ದಳು, ನಾನು ಇದ್ದೇನೆಯೇ ಎಂದು. ಇದ್ದೆ. ಮುಂಗುಸಿಗೆ ಈ ಸಲ ಒಬ್ಬಳು ತಂಗಿಯೂ ಇದ್ದಳು. ಇಬ್ಬರೂ ಓಡಿದ್ದೇ ಓಡಿದ್ದು, ಒಂದು ಲೋಟ ನೀರು ಕುಡಿಯುವುದಿಲ್ಲ, ಒಂದು ತುಂಡು ರೊಟ್ಟಿ ತಿನ್ನುವುದಿಲ್ಲ. ನನಗೆ ನಿಜವಾಗಿಯೂ ಕನಿಕರ ಬಂತು. ಗಂಟೆಯ ಗೋಪುರವೊಂದು ಧಡಾರೆಂದು ಬಿತ್ತು. ಪಕ್ಕದಲ್ಲಿ ಮಗಳು ನನ್ನ ತೋಳು ಹಿಡಿದು ಕಿರುಚಿದಳು. ಸೀಟು ಮೆತ್ತಗಿತ್ತು, ಎಸಿ ತಣ್ಣಗಿತ್ತು, ನಾಲ್ಕು ಗಂಟೆಗೆ ಎದ್ದ ಕಣ್ಣು.

ಎಚ್ಚರವಾದಾಗ ದೀಪ ಹತ್ತಿತ್ತು. ಮುಂದಿನ ಸಾಲಿನವರು ಎದ್ದು, ಮೊದಲನೇ ಭಾಗದಷ್ಟು ಚೆನ್ನಾಗಿಲ್ಲ ಎಂದು ಮರಾಠಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಓಡಿಹೋಗದೆಯೂ ಸಿನಿಮಾ ತಪ್ಪಿಸಿಕೊಂಡೆನಲ್ಲ, ಎಂತ ಕರ್ಮ ಇದು! ನೆಟ್ಟಗೆ ಕೂರಲು ಹೋದರೆ ಮೈಮೇಲೆ ಏನೋ ಸಿಕ್ಕಿಕೊಂಡಿತು. ಅಕ್ಕ ಥಿಯೇಟರಿನ ಚಳಿಗೆಂದು ಯಾವಾಗಲೂ ಚೀಲದಲ್ಲಿ ಇಟ್ಟುಕೊಳ್ಳುವ ಕಂದು ಬಣ್ಣದ ಶಾಲು. ಕುತ್ತಿಗೆಯಿಂದ ಮೊಣಕಾಲವರೆಗೆ ಹೊದಿಸಿ, ಅಂಚನ್ನು ಯಾರೋ ಹೆಗಲ ಕೆಳಗೆ ಸಿಕ್ಕಿಸಿದ್ದರು.

ಅಕ್ಕನ ಮುಖ ನೋಡಿದೆ. "ನಾನಲ್ಲಪ್ಪ" ಎಂದು ಅವಳು ಚಪ್ಪಲಿ ಹುಡುಕಲು ಬಗ್ಗಿದಳು.

ಮಗಳು ಆರ್ಡರ್ ಪುಸ್ತಕ ತೆರೆದು, ಪೆನ್ನು ಹಿಡಿದು ಕಾಯುತ್ತಿದ್ದಳು.

"ಹತ್ತಕ್ಕೆ ಎಷ್ಟು?"

ಒಂಬತ್ತು ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. "ಗೋಪುರ ಬೀಳುವವರೆಗೆ ನೋಡಿದ್ದು. ಅಷ್ಟಕ್ಕೆ ಏಳು. ಆಮೇಲೆ ನಿದ್ದೆ ಬಂತು ಮಗಾ. ಆಚೆಗೆ ಎಂತ ಆಯ್ತು ನನಗೆ ಗೊತ್ತಿಲ್ಲ."

ಏಳು ಎಂದು ಬರೆದಳು. "ಯಾವ ಸೀನ್?"

"ಶಾಲು ಹೊದಿಸಿದ್ದು."

ಪೆನ್ನು ನಿಂತಿತು. "ಅದು ಸಿನಿಮಾದಲ್ಲಿ ಇಲ್ಲ."

"ಗೊತ್ತು."

"ಖರಂಚ್?"

"ಖರಂಚ್."

ಅವಳು ಬಗ್ಗಿ ಅದನ್ನು ಬರೆದುಕೊಂಡಳು. ಈ ಸಲ ನಾನು ಇಣುಕಿ ನೋಡಿದೆ, ಬರೆದಿದ್ದಳು. ಪುಸ್ತಕ ಮುಚ್ಚಿ, ಶಾಲಿನ ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಮಡಚಿದೆವು.

"ಗೋಪುರ ಬಿದ್ದ ನಂತರದ್ದು ನಾನು ನಾಸಿಕಕ್ಕೆ ಹೋಗುವ ಬಸ್ಸಲ್ಲಿ ಹೇಳ್ತೇನೆ" ಎಂದಳು. "ಎಂತದೂ ಸೇರಿಸೋದಿಲ್ಲ."